ಲಿಂಬೆಹಣ್ಣು ದಾಟದ ಕೂಸಿನ ಗಾಡಿ

ನನ್ನ ಮಗಳಿಗೆ ಗಾಡಿ ಕೊಳ್ಳಲು ನನ್ನ ತವರೂರು ತಂಬೂರಿನಿಂದ ಹುಬ್ಬಳ್ಳಿಗೆ ಮೂವರು ಗಂಡಸರು ಹೋದರು. ಒಬ್ಬ ನನ್ನ ಅಣ್ಣ, ಇನ್ನೊಬ್ಬರು ನನ್ನ ಗಂಡ, ಮೂರನೆಯವನು ಅಣ್ಣನ ಗೆಳೆಯ. ಈ ಗೆಳೆಯನ ಹತ್ತಿರ ಸಾಮಾನು ಸಾಗಿಸುವ ಪಿಕಪ್ ಇತ್ತು ಎನ್ನುವುದೊಂದೇ ಅವನ ಅರ್ಹತೆ. ಮೂವರಲ್ಲಿ ಒಬ್ಬರೂ ಕೂಸಿನ ಒದ್ದೆ ಬಟ್ಟೆ ಬದಲಿಸಿದವರಲ್ಲ. ಆ ಗಾಡಿಯನ್ನು ದಿನಾ ತಳ್ಳಬೇಕಾದವಳು ನಾನು, ಮತ್ತು ನಾನು ತವರಿನ ಬಾಣಂತಿ ಕೋಣೆಯಲ್ಲಿ ಕಿವಿಗೆ ಬಟ್ಟೆ ಕಟ್ಟಿಸಿಕೊಂಡು, ಹೊರಸಿನ ಕೆಳಗಿಟ್ಟ ಕೆಂಡದ ಕಾವಿಗೆ ಬೆವರುತ್ತ ಕುಳಿತಿದ್ದೆ. ಕೂಸಿನ ಲಸಿಕೆಗಲ್ಲದೆ ಬೇರೆ ಯಾವುದಕ್ಕೂ ಬಾಣಂತಿ ಹೊಸ್ತಿಲು ದಾಟಬಾರದು, ಗಾಳಿ ತಗಲುತ್ತದಂತೆ. ಗಾಳಿ ತಗಲದವರು ಹೋಗಿ ಆರಿಸಿ ತರಲಿ ಎಂದು ಮನೆಯಲ್ಲಿ ತೀರ್ಮಾನವಾಯಿತು. ಆ ತೀರ್ಮಾನ ಆಗುವಾಗ ನನ್ನನ್ನು ಯಾರೂ ಕೇಳಲಿಲ್ಲ.

ಗಾಡಿ ಬೇಕು ಎಂದವಳು ಮಾತ್ರ ನಾನೇ. ನಾನು ಇನ್ನೂ ತೊದಲು ಮಾತಾಡುವ ವಯಸ್ಸಿನಲ್ಲಿ ಬಂದ ಒಂದು ಜ್ವರ ಬಲಗಾಲಿನ ಬಲವನ್ನೆಲ್ಲ ತೆಗೆದುಕೊಂಡು ಹೋಯಿತು. ನಡೆಯುವಾಗ ಬಲಗೈಯನ್ನು ಬಲದೊಡೆಯ ಮೇಲೆ ಊರಿ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಮೊಣಕಾಲು ಮಡಚಿಕೊಳ್ಳುತ್ತದೆ. ಬಗ್ಗಿ ಒಂದು ಹೆಜ್ಜೆ, ಎದ್ದು ಒಂದು ಹೆಜ್ಜೆ. ಇದರ ಬಗ್ಗೆ ನನಗೆ ನಾಚಿಕೆ ಇಲ್ಲ. ಕುಂದಗೋಳದ ಒಂದು ಪತ್ತಿನ ಸಂಘದಲ್ಲಿ ಕೌಂಟರಿನ ಹಿಂದೆ ಕೂತು ಕೆಲಸ ಮಾಡುತ್ತೇನೆ. ಕೂತಿರುವಷ್ಟು ಹೊತ್ತು ಜನ ನನಗೆ ಅಂಜಿ ಮಾತಾಡುತ್ತಾರೆ. ಊಟಕ್ಕೆಂದು ಎದ್ದ ಕೂಡಲೇ ಅದೇ ಜನರ ಮುಖ ಮೆತ್ತಗಾಗುತ್ತದೆ, 'ಅಯ್ಯ ಪಾಪ' ಎಂದು ಒಬ್ಬರ ಕಿವಿಯಲ್ಲಿ ಒಬ್ಬರು ಉಸುರುತ್ತಾರೆ. ಅವರ ಪಾಪ ಅವರ ಹತ್ತಿರವೇ ಇರಲಿ ಎಂದು ಡಬ್ಬಿ ತೆಗೆದುಕೊಂಡು ನಡೆದುಬಿಡುತ್ತೇನೆ.

ಆದರೆ ಮಗಳು ಹುಟ್ಟಿದ ಮೇಲೆ ಒಂದು ಸಂಗತಿಯನ್ನು ಹಾಗೆ ಬಿಟ್ಟು ನಡೆಯಲಾಗಲಿಲ್ಲ. ಕೂಸನ್ನು ಎತ್ತಿಕೊಂಡು ನಡೆಯಲು ಎರಡು ಕೈ ಬೇಕು, ನನ್ನ ಒಂದು ಕೈ ಸದಾ ಕಾಲಿನ ಕೆಲಸದಲ್ಲಿರುತ್ತದೆ. ಕೂತಲ್ಲಿ ಎತ್ತಿಕೊಳ್ಳಬಲ್ಲೆ, ಹಾಲೂಡಿಸಬಲ್ಲೆ, ಕಾಲ ಮೇಲೆ ಹಾಕಿಕೊಂಡು ನೀರೆರೆಯಬಲ್ಲೆ. ಎತ್ತಿಕೊಂಡು ಪಡಸಾಲೆಯಿಂದ ಅಡುಗೆಮನೆಗೆ ಹೋಗಲಾರೆ.

ಆಸ್ಪತ್ರೆಯಿಂದ ಹೊರಡುವಾಗ ನರ್ಸು ಕೂಸನ್ನು ಸೀದಾ ನಮ್ಮ ವೈನಿಯ, ಎಂದರೆ ಅಣ್ಣನ ಹೆಂಡತಿಯ ಕೈಗೆ ಕೊಟ್ಟಳು. ಊರಲ್ಲಿ ಬಾಡಿಗೆ ಗಾಡಿಯಿಂದ ಇಳಿದಾಗ ಹೆಂಗಸರು ವೈನಿಯ ಸುತ್ತ ನೆರೆದರು. ಮೊದಲ ಲಸಿಕೆಯ ಸೂಜಿಗೆಂದು ಊರಿನ ಉಪಕೇಂದ್ರಕ್ಕೆ ಹೋದಾಗಲೂ ಹಾಗೆಯೇ ಆಯಿತು. ವೈನಿ ಕೂಸನ್ನು ಎತ್ತಿಕೊಂಡು ಮುಂದೆ ನಡೆದಳು, ನಾನು ಹಿಂದೆ ಬಿದ್ದೆ. ನಾನು ಒಳಗೆ ಕಾಲಿಡುವ ಹೊತ್ತಿಗೆ ಸೂಜಿ ಹಾಕುವಾಕೆ ವೈನಿಗೆ, "ಎದಿಹಾಲು ಚಲೋತ್ನಾಗ ಕುಡೀತೈತೇನವಾ?" ಎಂದು ಕೇಳುತ್ತಿದ್ದಳು. ವೈನಿ ಹೌದ್ರಿ ಎಂದಳು. ವೈನಿ ಒಳ್ಳೆಯವಳು, ಅವಳ ಮೇಲೆ ಸಿಟ್ಟಾಗಲೂ ಆಗುವುದಿಲ್ಲ. ಆದರೂ ಅವತ್ತು ಬಾಗಿಲಲ್ಲಿ ನಿಂತ ನನ್ನ ಎದೆ ಉರಿದುಹೋಯಿತು. ನನ್ನ ಕೂಸನ್ನು ಮಂದಿಯ ಬೆನ್ನ ಹಿಂದೆ ಹಿಂಬಾಲಿಸಿಕೊಂಡು ಹೋಗುವ ಬಾಳು ನನಗೆ ಬೇಡ, ನಾನೇ ಕರೆದುಕೊಂಡು ಹೋಗಬೇಕು ಎಂದು ಅಲ್ಲೇ ನಿಶ್ಚಯಿಸಿದೆ. ಅದಕ್ಕೆ ಗಾಲಿ ಬೇಕಿತ್ತು.

ಮೊದಲು ಅಡ್ಡ ಬಂದವಳು ಅವ್ವ. ನನ್ನನ್ನು ನಾಲ್ಕನೇ ಇಯತ್ತೆ ಮುಗಿಯುವ ತನಕ ಟೊಂಕದ ಮೇಲೆ ಹೊತ್ತು ಸಾಲೆಗೆ ಬಿಟ್ಟು ಬಂದವಳು ಅವಳು. ಮಳೆಯಿರಲಿ, ಕೆಸರಿರಲಿ, ಹೊಲದ ಕೆಲಸವಿರಲಿ, ಕೆಳಗೆ ಇಳಿಸಿದವಳಲ್ಲ. ಅವಳ ಪ್ರಕಾರ ಗಾಲಿಯ ಮೇಲೆ ಹೋಗುವುದು ಸಾಮಾನು, ತೋಳಿನ ಮೇಲೆ ಹೋಗುವುದು ಕೂಸು.

"ಗಾಡಿ ಯಾಕ ಬೇಕ ಯವ್ವಾ? ದಬ್ಬಿಕೋತ ಹೋಗಾಕ ಕೂಸೇನ ಗೊಬ್ಬರದ ಚೀಲೇನು?" ಎಂದಳು. "ನಾ ಇನ್ನೂ ಜೀವಂತ ಅದೀನಿ. ನಿನ್ನ ಹೊತ್ತೀನಿ, ಇದನ್ನೂ ಹೊರತೀನಿ."

"ನೀ ಕುಂದಗೋಳಕ್ಕ ಬಂದು ಇರ್ತೀಯೇನ ಬೇ?" ಎಂದೆ.

"ಕರದ್ರ ಬರ್ತೀನಿ."

ಆದರೂ ನಾನು ಹಟ ಬಿಡಲಿಲ್ಲ.

ಗಾಡಿಯ ಸುದ್ದಿ ಕುಂದಗೋಳದಲ್ಲಿದ್ದ ನಮ್ಮ ಅತ್ತೆಗೆ ಮುಟ್ಟಿದಾಗ ಅವರು ಫೋನಿನಲ್ಲಿ, "ತವರಮನಿಯಿಂದ ಬರೂದು ಬರ್ಲಿ, ಬ್ಯಾಡ ಅನ್ನಾಕ ನಾವ್ಯಾರು? ಆದ್ರ ನಾಲ್ಕು ಮಂದಿ ನೋಡೂ ಹಂಗ ಇರ್ಲಿ," ಎಂದರು. ಅಷ್ಟು ಸಾಕಾಯಿತು. ನಮ್ಮ ಕಡೆ ಹೆಣ್ಣುಮಗಳ ಚೊಚ್ಚಿಲ ಕೂಸಿಗೆ ತೊಟ್ಟಿಲು ಕೊಡುವುದು ಸೋದರಮಾವನ ಮರ್ಯಾದೆಯ ವಿಷಯ. ಬಣ್ಣದ ತೊಟ್ಟಿಲು ಮನೆಯಲ್ಲಿ ಹಳೆಯದೇ ಇತ್ತು, ಹೊಸದಾಗಿ ಕೊಟ್ಟು ಹೆಸರು ಪಡೆಯಲು ಅಣ್ಣನಿಗೆ ದಾರಿ ಇರಲಿಲ್ಲ. ಗಾಡಿ ಎನ್ನುವ ಮಾತು ಬಿದ್ದದ್ದೇ ತಡ, ಅದು ನನ್ನ ಕಾಲಿನ ವಿಷಯವಾಗಿ ಉಳಿಯದೆ ಅವನ ಮೀಸೆಯ ವಿಷಯವಾಯಿತು. ಅವನು ಟ್ರ್ಯಾಕ್ಟರ್ ಇಟ್ಟವನು. ಟ್ರ್ಯಾಕ್ಟರ್ ಇದ್ದವನಿಗೆ ಗಾಲಿ ಇರುವ ಎಲ್ಲದರ ಜ್ಞಾನವೂ ಇರುತ್ತದೆ ಎಂದು ನಮ್ಮ ಊರು ನಂಬಿದೆ, ಎಲ್ಲರಿಗಿಂತ ಹೆಚ್ಚಾಗಿ ಅವನು ನಂಬಿದ್ದಾನೆ.

ಹೊರಡುವ ಮೊದಲು ನನ್ನ ಗಂಡನನ್ನು ಕೋಣೆಗೆ ಕರೆದು ಬಿಡಿಸಿ ಬಿಡಿಸಿ ಹೇಳಿದೆ. ಕೂಸಿನ ಕುತ್ತಿಗೆ ಇನ್ನೂ ನಿಂತಿಲ್ಲ, ಬೆನ್ನಿನ ಮೇಲೆ ಚಪ್ಪಟೆಯಾಗಿ ಮಲಗುವಂತಿರಬೇಕು. ಬೆಲ್ಟು ಗಟ್ಟಿಯಿರಬೇಕು. ನಾನು ಹಿಡಿಕೆಯ ಮೇಲೆ ಭಾರ ಬಿಟ್ಟರೆ ಮುಂದಿನ ಗಾಲಿ ಎದ್ದು ನಿಲ್ಲಬಾರದು. ನಮ್ಮ ಓಣಿಯ ಹಾಸುಗಲ್ಲಿನ ಮೇಲೆ ಹೋಗಬೇಕು, ಅದಕ್ಕೆ ದೊಡ್ಡ ಗಾಲಿ. ಬ್ರೇಕು ಮಾತ್ರ ಕೈಯಲ್ಲೇ ಇರಬೇಕು, ಇದನ್ನು ಮರೆಯಬ್ಯಾಡ್ರಿ ಎಂದೆ. ಅವರು ಪ್ರತಿ ಮಾತಿಗೂ ಹೂಂ ಎಂದರು. ನನ್ನ ಗಂಡ ಹೂಂ ಎನ್ನುವುದರಲ್ಲಿ ಪ್ರವೀಣರು, ಮದುವೆಯಾದಾಗಿನಿಂದ ನೋಡುತ್ತಿದ್ದೇನೆ.

ಸಂಜೆ ಪಿಕಪ್ ಬಂದು ಮನೆಯ ಮುಂದೆ ಹಾರ್ನ್ ಹೊಡೆಯಿತು. ಟ್ರ್ಯಾಕ್ಟರ್ ತಂದ ದಿನವೂ ಅಣ್ಣ ಹೀಗೆಯೇ ಓಣಿಯನ್ನೆಲ್ಲ ಹೊರಗೆ ಎಳೆದಿದ್ದ. ಇಳಿದದ್ದು ಒಂದು ಕೆಂಪು ಗಾಡಿ. ಮೇಲಿನ ಮುಚ್ಚಿಗೆಗೆ ಮೊಲದ ಕಿವಿ. ಮುಂದೆ ಒಂದು ಸ್ಟೇರಿಂಗು, ಅದರಲ್ಲಿ ಗುಂಡಿ, ಒತ್ತಿದರೆ ಬಣ್ಣಬಣ್ಣದ ದೀಪ ಹತ್ತಿ ಇಂಗ್ಲಿಷ್ ಹಾಡು ಕಿರುಚುತ್ತದೆ. ಗಾಲಿಗಳು ಮಾತ್ರ ಚಹದ ಬಸಿಯಷ್ಟು.

"ನೋಡ ತಂಗಿ, ಎಂಟು ಗಾಲಿ," ಎಂದ ಅಣ್ಣ. "ಲಾರಿಗೆ ಇರ್ತಾವಲ್ಲ, ಜೋಡಿ ಜೋಡಿ, ಹಂಗ. ಇಪ್ಪತ್ತೈದು ಕಿಲೋ ಬೀಜದ ಚೀಲ ಇಟ್ಟ್ರೂ ಅಳಗಾಡಂಗಿಲ್ಲ."

ಅವನು ಅಂಗಡಿಯಲ್ಲಿ ನೋಡಿದ್ದು ಅಷ್ಟೇ. ಎಷ್ಟು ಗಾಲಿ, ಎಷ್ಟು ಲೋಡು.

"ಬ್ರೇಕ ಎಲ್ಲೈತಿ?" ಎಂದೆ.

"ಹಿಂದಿನ ಗಾಲಿ ಬಾಜೂಕ. ಕಾಲಿಲೆ ಒತ್ತಬೇಕು."

"ಯಾವ ಕಾಲಿಲೆ ಅಣ್ಣಾ?"

ಅವನು ನನ್ನ ಕಾಲು ನೋಡಿದ, ಬ್ರೇಕು ನೋಡಿದ, ಆಮೇಲೆ ನನ್ನ ಗಂಡನನ್ನು ನೋಡಿದ. ಬಲಗಾಲಿನಿಂದ ಒತ್ತಲು ನನಗೆ ಬಲವಿಲ್ಲ. ಎಡಗಾಲಿನಿಂದ ಒತ್ತಬೇಕಾದರೆ ಬಲಗಾಲಿನ ಮೇಲೆ ನಿಲ್ಲಬೇಕು, ನಿಂತರೆ ನಾನೇ ಕೂಸಿನ ಮೇಲೆ ಬೀಳುತ್ತೇನೆ. ಜೊತೆಗೆ ಬೆಳೆದ ಅಣ್ಣನಿಗೆ, ಜೊತೆಗೆ ಬಾಳುವ ಗಂಡನಿಗೆ ಇದು ಹೊಳೆದಿರಲಿಲ್ಲ. ನಾನು ಹೇಳಿ ಕಳಿಸಿದ್ದರೂ ಹೊಳೆದಿರಲಿಲ್ಲ.

"ಒತ್ತಾಕ ನಾವಿಲ್ಲೇನು?" ಎಂದ ಅಣ್ಣ ಕೊನೆಗೆ. ನಮ್ಮ ಮನೆಯಲ್ಲಿ ಯಾರಿಗೆ ಉತ್ತರ ತೋಚದಿದ್ದರೂ ಬರುವ ಮಾತು ಇದೇ.

ನಾನು ಸೀಟಿನ ಬೆನ್ನನ್ನು ಮಲಗಿಸುವ ಪಟ್ಟಿ ಎಳೆದು ನೋಡಿದೆ. ಬೆನ್ನು ಚಪ್ಪಟೆಯಾಗದೆ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಅದರಲ್ಲಿ ಕೂಸನ್ನು ಹಾಕಿದರೆ ಕೂಸು ಕುಸಿದು ಗದ್ದ ಎದೆಗೆ ಬಂದು ಕೂರುತ್ತದೆ, ಉಸಿರಾಡಲು ಒದ್ದಾಡುತ್ತದೆ. ಸೀಟಿಗೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಕೀಳಲು ಹೋದರೆ ಅಣ್ಣ ಕೈ ಹಿಡಿದ. "ಇರ್ಲಿ ಬಿಡು, ಹೊಲಸಾಗತೈತಿ." ಹುಟ್ಟಿದ ಕೂಸಿನ ಮುಖದ ಹತ್ತಿರ ಸರಬರ ಎನ್ನುವ ಪ್ಲಾಸ್ಟಿಕ್ ಇರಲಿ, ಸೀಟು ಮಾತ್ರ ಹೊಲಸಾಗದಿರಲಿ. ಟ್ರ್ಯಾಕ್ಟರಿನ ಸೀಟಿನ ಪ್ಲಾಸ್ಟಿಕ್ಕನ್ನೂ ಅವನು ಅದು ತಾನಾಗಿ ಹರಿದು ಹೋಗುವ ತನಕ ತೆಗೆದಿರಲಿಲ್ಲ.

"ಅಂಗಡಿಯಾಂವ ಹುಟ್ಟಿದ ಕೂಸಿಗೂ ನಡೀತೈತಿ ಅಂದ," ಎಂದರು ನನ್ನ ಗಂಡ.

"ಅಂವಗ ಕೂಸು ಐತಂತೇನ್ರಿ?"

"ಕೇಳಲಿಲ್ಲ."

ತೊಟ್ಟಿಲಿಗೆ ಹಾಕುವ ಕಾರ್ಯದ ದಿನ ಅತ್ತೆ ಕುಂದಗೋಳದಿಂದ ಬಂದರು. ಗಾಡಿ ನೋಡಿ ಅವರ ಮುಖ ಅರಳಿತು. ಮೊಲದ ಕಿವಿಯನ್ನು ಮುಟ್ಟಿ ನೋಡಿದರು, ಹಾಡನ್ನು ಎರಡು ಸಲ ಹಚ್ಚಿಸಿ ಕೇಳಿದರು. ಗಾಡಿ ಎಂದ ಮೇಲೆ ಪೂಜೆ ಆಗಬೇಕು ಎಂದ ಅಣ್ಣ. ಯಾರೂ ನಗಲಿಲ್ಲ. ಮೋಟರ್ ಸೈಕಲ್ಲಿಗೆ, ಬೋರ್ವೆಲ್ಲಿನ ಪಂಪಿಗೆ, ಕಬ್ಬಿನ ರಸದ ಯಂತ್ರಕ್ಕೆ ಆಗುವ ಪೂಜೆ ಕೂಸಿನ ಗಾಡಿಗೆ ಯಾಕೆ ಬೇಡ ಎಂದು ಎಲ್ಲರೂ ಒಪ್ಪಿದರು. ಮುಚ್ಚಿಗೆಗೆ ಚೆಂಡುಹೂವಿನ ಮಾಲೆ ಬಿತ್ತು, ಸ್ಟೇರಿಂಗಿಗೆ ಕುಂಕುಮ. ಅಂಗಳದಲ್ಲಿ ಗಾಡಿ ನಿಲ್ಲಿಸಿ ನಾಲ್ಕು ಗಾಲಿಜೋಡಿಗಳ ಮುಂದೆ ನಾಲ್ಕು ಲಿಂಬೆಹಣ್ಣು ಇಟ್ಟರು. ಹೊಸ ಗಾಡಿ ಅವುಗಳನ್ನು ಹಿಚುಕಿ ಮುಂದೆ ಹೋಗಬೇಕು. ಪಿಕಪ್ಪಿನ ಗೆಳೆಯ ಸ್ಟೇಟಸ್ಸಿಗೆ ಹಾಕುತ್ತೇನೆಂದು ಮೊಬೈಲು ಹಿಡಿದು ನಿಂತ.

"ಕೂಸಿನ ಹಾಕ್ರಿ," ಎಂದ ಅಣ್ಣ.

"ಮೊದಲ ಕಲ್ಲು," ಎಂದಳು ಅವ್ವ.

ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಖಾರ ಅರೆಯುವ ಗುಂಡಕಲ್ಲಿಗೆ ಕೂಸಿನ ತಲೆ, ಬೆನ್ನು ಮುಚ್ಚುವ ಕುಂಚಿಗೆ ತೊಡಿಸಿ, ಅದನ್ನು ಮೊದಲು ಮಲಗಿಸುತ್ತಾರೆ. ಬರುವ ಕೇಡು ಕಲ್ಲಿಗೆ ಬರಲಿ ಎಂದು ಇರಬೇಕು, ಯಾರೂ ಯಾಕೆಂದು ಕೇಳುವುದಿಲ್ಲ. ಬೆಳಿಗ್ಗೆ ತೊಟ್ಟಿಲಿನಲ್ಲಿ ಹಾಗೆ ಮಲಗಿ ಎದ್ದಿದ್ದ ಕಲ್ಲು ಇನ್ನೂ ಕುಂಚಿಗೆಯಲ್ಲೇ ಇತ್ತು. ಅವ್ವ ಅದನ್ನೇ ತಂದು ಗಾಡಿಯಲ್ಲಿ ಒರಗಿಸಿದಳು. ಬೆಲ್ಟು ಹಾಕ್ರಿ ಎಂದು ನಾನು ಬಾಗಿಲಿನಿಂದ ಹೇಳಿದೆ. ಕಲ್ಲಿಗೆ ಎಂಥ ಬೆಲ್ಟು ಎಂದು ಯಾರೋ ನಕ್ಕರು. ಕಾಯಿ ಒಡೆಯಿತು. ಅಣ್ಣ ಎರಡೂ ಕೈಯಿಂದ ಹಿಡಿದು ಮೀಸೆಯಡಿಯಲ್ಲಿ ನಗುತ್ತ ಗಾಡಿಯನ್ನು ನೂಕಿದ.

ಚಹದ ಬಸಿಯ ಗಾಲಿಗೆ ಲಿಂಬೆಹಣ್ಣು ಗುಡ್ಡವಾಯಿತು. ಮುಂದಿನ ಗಾಲಿ ಅಡ್ಡ ತಿರುಗಿ ಗಕ್ಕನೆ ನಿಂತಿತು, ಹಿಂದಿನದು ಎದ್ದಿತು, ಗಾಡಿ ಮೂಗು ಮುಂದಾಗಿ ಬಿತ್ತು. ಕುಂಚಿಗೆ ತೊಟ್ಟ ಕಲ್ಲು ಹಾರಿ ಹೊರಗೆ ಬಿದ್ದು, ಅಂಗಳದ ಫರಸಿಕಲ್ಲನ್ನು ಒಡೆದು, ಉರುಳಿ ಹೋಗಿ ಮೊಬೈಲು ಹಿಡಿದವನ ಕಾಲಿನ ಹೆಬ್ಬೆರಳಿನ ಮೇಲೆ ಕೂತಿತು. ಅವನು ಕುಣಿದಾಡತೊಡಗಿದ. ಗಾಡಿ ಮಗುಚಿಕೊಂಡು ಬಿದ್ದಲ್ಲೇ ದೀಪ ಹಾಕಿಕೊಂಡು ಹಾಡುತ್ತಿತ್ತು.

ನಾನು ಒಡೆದ ಫರಸಿಯನ್ನು ನೋಡುತ್ತಿದ್ದೆ. ಕುಂಚಿಗೆಯ ತಲೆಯ ಭಾಗ ಬಿದ್ದ ಜಾಗ ಅದು. ಆಗ ಅತ್ತೆ ನಿಟ್ಟುಸಿರು ಬಿಟ್ಟು ಎದೆಯ ಮೇಲೆ ಕೈಯಿಟ್ಟು, "ಶಿವಾ, ಹೋತು. ಏನ ದೃಷ್ಟಿ ಇತ್ತೋ, ಎಲ್ಲಾ ಕಲ್ಲಿನ ಮ್ಯಾಲ ಹೋತು. ಇನ್ನ ಕೂಸಿನ ಹಾಕ್ರಿ, ಏನೂ ಆಗಂಗಿಲ್ಲ," ಎಂದರು. ಎಲ್ಲರ ಮುಖಕ್ಕೂ ಜೀವ ಬಂತು. ಅಣ್ಣ ಗಾಡಿಯನ್ನು ಎತ್ತಿ ನಿಲ್ಲಿಸಿ ಮಣ್ಣು ಒರೆಸಿದ. ವೈನಿ ಕೂಸನ್ನು ಎತ್ತಿಕೊಂಡು ಮುಂದೆ ಬಂದಳು.

ಆ ಅಂಗಳದಲ್ಲಿ ಡಿಗ್ರಿ ಮಾಡಿದವರು ಐದಾರು ಜನ ಇದ್ದರು. ಗಾಡಿ ಕಣ್ಣ ಮುಂದೆ ಮಗುಚಿ ಬಿದ್ದಿದೆ, ಇವರಿಗೆ ಅದೇ ಶುಭವಾಗಿ ಕಾಣುತ್ತದೆ. ಇಂಥ ಜನರ ನಡುವೆ ಕೂಸು ಬದುಕಿ ದೊಡ್ಡದಾಗಬೇಕು.

"ವೈನಿ, ಕೂಸಿನ ಇಲ್ಲೆ ಕೊಡ್ರಿ," ಎಂದೆ. ಹೊಸ್ತಿಲ ಮೇಲೆ ಕೂತು ತೊಡೆಯ ಮೇಲೆ ಹಾಕಿಸಿಕೊಂಡೆ. ನನ್ನ ದನಿ ಹೇಗಿತ್ತೋ, ವೈನಿ ಮರುಮಾತಾಡದೆ ಕೊಟ್ಟಳು. "ಈ ಗಾಡಿಯೊಳಗ ನನ್ನ ಕೂಸಿನ ಯಾರರೆ ಹಾಕಿದ್ರ ನಾ ಸುಮ್ಮನಿರಂಗಿಲ್ಲ," ಎಂದೆ. ಅಣ್ಣನ ಮುಖ ಗಂಟಾಯಿತು. ತಾನು ತಂದ ಉಡುಗೊರೆಗೆ ಬೀಗರ ಮುಂದೆ ಹೀಗೆನ್ನುವುದು ಸರಿಯಲ್ಲ ಎಂದು ಅವನು ಊಟಕ್ಕೆ ಕೂರಲಿಲ್ಲ. ಹಸಿದರೆ ಉಣ್ಣುತ್ತಾನೆ ಎಂದು ನಾನು ಕರೆಯಲಿಲ್ಲ. ಹಸಿವಾದಾಗ ಉಂಡ.

ಮರುದಿನ ನನ್ನ ಗಂಡನಿಗೆ, "ನನ್ನ ಹುಬ್ಬಳ್ಳಿಗೆ ಕರಕೊಂಡು ನಡೀರಿ," ಎಂದೆ. ಮನೆಯಲ್ಲಿ ಗದ್ದಲವೆದ್ದಿತು. ಹಸಿ ಬಾಣಂತಿ, ಗಾಳಿ, ಜನ ಏನಂದಾರು. ಅವ್ವ ನನ್ನ ಕಿವಿಗೆ ಎರಡು ಉಂಡೆ ಹತ್ತಿ ತುಂಬಿ, ಅದರ ಮೇಲೆ ಬಟ್ಟೆ ಕಟ್ಟಿ, ಬಟ್ಟೆಯ ಮೇಲೆ ಸೆರಗು ಹೊದಿಸಿದಳು. ಯಾರು ಏನು ಅಂದರೂ ನನಗೆ ಕೇಳಿಸದಂತಾಯಿತು, ಅದೊಂದು ಅನುಕೂಲ. ಕೂಸಿಗೆ ಹಾಲು ಹಿಂಡಿಟ್ಟು, ಗುಂಡಕಲ್ಲನ್ನು ಕೈಚೀಲದಲ್ಲಿ ಹಾಕಿಕೊಂಡು ಹೊರಟೆ. ಕಲ್ಲು ಹೆಚ್ಚು ಕಡಿಮೆ ನನ್ನ ಮಗಳಷ್ಟೇ ತೂಕವಿತ್ತು.

ಅಂಗಡಿಯವನು ನನ್ನನ್ನು ಬಾಗಿಲಲ್ಲಿ ನೋಡಿದ ಕೂಡಲೇ ಓಡಿ ಬಂದು ಕುರ್ಚಿ ಹಾಕಿದ, ನೀರು ತರಿಸಿದ. ಆಮೇಲೆ ನನಗೆ ಬೆನ್ನು ತಿರುಗಿಸಿ ನನ್ನ ಗಂಡನ ಜೊತೆ ವ್ಯಾಪಾರ ಶುರು ಮಾಡಿದ. ಇದು ಮಸ್ತ್ ಹೋಗತೈತ್ರಿ ಸರ್, ಇದಕ್ಕ ಸೊಳ್ಳಿಪರದೆ ಐತ್ರಿ ಸರ್, ಇದರಾಗ ಬಾಟ್ಲಿ ಇಡಾಕ ಜಾಗಾ ಐತ್ರಿ ಸರ್. ನನ್ನ ಗಂಡ ಹೂಂ ಹೂಂ ಎನ್ನುತ್ತಿದ್ದರು.

ನಾನು ಎದ್ದೆ. ಚೀಲದಿಂದ ಕಲ್ಲು ತೆಗೆದು ಮೊದಲನೇ ಗಾಡಿಯಲ್ಲಿ ಮಲಗಿಸಿ, ಬೆಲ್ಟು ಹಾಕಿ, ಹಿಡಿಕೆಯ ಮೇಲೆ ಎರಡೂ ಕೈಯೂರಿ ಭಾರ ಬಿಟ್ಟೆ. ಮುಂದಿನ ಗಾಲಿ ನೆಲ ಬಿಟ್ಟು ಎದ್ದಿತು. ಎರಡನೆಯದೂ ಎದ್ದಿತು. ಮೂರನೆಯದರ ಬೆಲ್ಟಿನ ಕೊಂಡಿ ಕಲ್ಲಿನ ತೂಕಕ್ಕೇ ಬಿಚ್ಚಿಕೊಂಡಿತು.

"ಏನ ಮಾಡಾಕತ್ತೀರಿ ಮೇಡಂ?" ಎಂದ ಅಂಗಡಿಯವನು.

"ಕೂಸಿನ ಮಲಗಸಾಕತ್ತೀನ್ರಿ."

ಅವನು ನನ್ನ ಗಂಡನ ಕಡೆ ನೋಡಿ ಕಣ್ಣಿನಲ್ಲೇ ಏನೋ ಕೇಳಿದ. ಕಾಲಿನ ಜೊತೆ ತಲೆಯೂ ಸರಿಯಿಲ್ಲವೋ ಎಂದಿರಬೇಕು. ನಂತರ ಸಣ್ಣ ಹುಡುಗರಿಗೆ ಹೇಳುವ ದನಿಯಲ್ಲಿ, "ಇದನ್ನ ನೋಡ್ರಿ ಮೇಡಂ, ಒಂದ ಕೈಲೆ ಮಡಚಬಹುದು," ಎಂದು ನಾಲ್ಕನೆಯ ಗಾಡಿಯ ಗುಂಡಿ ಒತ್ತಿದ. ಅದರೊಳಗೆ ನಾನು ಆಗಲೇ ಕಲ್ಲು ಇಟ್ಟಿದ್ದೆ. ಗಾಡಿ ಕಟಕ್ಕನೆ ಎರಡಾಗಿ ಮಡಚಿ ಕಲ್ಲನ್ನು ನುಂಗಿತು.

"ಕೂಸು ಒಳಗಿದ್ದಾಗ ಮಡಚಗೊಡದಂಥಾದು ಇಲ್ಲೇನ್ರಿ?" ಎಂದೆ. ಅವನು ಗಾಡಿಯನ್ನು ಬಿಡಿಸಿ ಕಲ್ಲನ್ನು ನನ್ನ ಕೈಗೆ ಕೊಟ್ಟ.

ಒಳಗಿನ ಮೂಲೆಯಲ್ಲಿ, ರಟ್ಟಿನ ಡಬ್ಬಿಗಳ ಹಿಂದೆ, ಧೂಳು ಹಿಡಿದ ಒಂದು ಗಾಡಿ ನಿಂತಿತ್ತು. ಇದ್ದಿಲಿನ ಬಣ್ಣ. ಮೊಲವಿಲ್ಲ, ದೀಪವಿಲ್ಲ. ಆಳವಾದ ತೊಟ್ಟಿಲಿನಂಥ ಪೆಟ್ಟಿಗೆ, ಕೆಳಗೆ ಚಪ್ಪಟೆ ಗಾದಿ, ನಾಲ್ಕು ದೊಡ್ಡ ರಬ್ಬರ್ ಗಾಲಿ. ಹಿಡಿಕೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ದಪ್ಪ ಸರಳು. ಸರಳಿನ ಕೆಳಗೆ ಸೈಕಲ್ಲಿಗಿರುವಂಥ ಬ್ರೇಕು, ಒತ್ತಿ ಪಕ್ಕಕ್ಕೆ ಸರಿಸಿದರೆ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ.

"ಅದು ಬ್ಯಾಡ್ರಿ ಮೇಡಂ, ಯಾರೂ ಒಯ್ಯಂಗಿಲ್ಲ. ಭಾಳ ಭಾರ, ಜಡ ಐತಿ," ಎಂದ.

"ಜಡ ಇದ್ದದ್ದ ಬೇಕಾಗೈತ್ರಿ ನನಗ," ಎಂದೆ.

ಕಲ್ಲನ್ನು ಮಲಗಿಸಿ ಭಾರ ಬಿಟ್ಟೆ. ಅಲುಗಲಿಲ್ಲ. ಇನ್ನಷ್ಟು ಬಿಟ್ಟೆ, ಪೂರ್ತಿ ಬಿಟ್ಟೆ. ಗಾಲಿಗಳು ನೆಲ ಬಿಡಲಿಲ್ಲ. ಬ್ರೇಕು ತೆಗೆದು ಡಬ್ಬಿಗಳ ನಡುವಿನ ಸಂದಿಯಲ್ಲಿ ಒಂದು ಹೆಜ್ಜೆ ಇಟ್ಟೆ, ಇನ್ನೊಂದು ಇಟ್ಟೆ. ಬಾಗಿಲ ತನಕ ಹೋದ ಮೇಲೆ ಗೊತ್ತಾಯಿತು, ನನ್ನ ಬಲಗೈ ತೊಡೆಯ ಮೇಲೆ ಇರಲಿಲ್ಲ. ಅದು ಸರಳಿನ ಮೇಲಿತ್ತು. ನಾನು ಪೂರ್ತಿ ನೆಟ್ಟಗಲ್ಲ, ಆದರೆ ನೆಲ ನೋಡದೆ, ಎದುರಿಗೆ ನೋಡುತ್ತ ನಡೆದು ಬಂದಿದ್ದೆ. ಆ ಅಂಗಡಿಯವನ ಮುಂದೆ ಅಳುವುದಕ್ಕಿಂತ ಸಾಯುವುದು ಲೇಸು ಎಂದು ಗಾಡಿಯನ್ನು ತಿರುಗಿಸಿ ಇನ್ನೊಂದು ಸುತ್ತು ಹಾಕಿದೆ. ನನ್ನ ಗಂಡ ಹೂಂ ಎನ್ನುವುದನ್ನು ಮರೆತು ನಿಂತಿದ್ದರು. "ಇದ ಇರ್ಲಿ," ಎಂದು ಅವರೇ ಅಂಗಡಿಯವನಿಗೆ ಹೇಳಿದರು. ಮದುವೆಯಾದ ಮೇಲೆ ಅವರು ತಾವಾಗಿ ಹೇಳಿದ ಒಳ್ಳೆಯ ಮಾತುಗಳಲ್ಲಿ ಇದನ್ನು ಸೇರಿಸುತ್ತೇನೆ.

ಅತ್ತೆ ಫೋನಿನಲ್ಲಿ ಬಣ್ಣ ಕೇಳಿ ಗಾಬರಿಯಾದರು. "ಕರೇ ಗಾಡಿಯೊಳಗ ಕೂಸಿನ ಮನಿ ತುಂಬಿಸಿಕೊಳ್ಳೂದು ಹೆಂಗವಾ?"

"ನಿಮ್ಮ ಮಗನ ಫಟಫಟೀನೂ ಕರೇದ ಐತಲ್ರಿ ಅತ್ತಿ. ದಿನಾ ಅದರ ಮ್ಯಾಲ ಅಡ್ಯಾಡತಾರ," ಎಂದೆ. ಫೋನು ಇಟ್ಟರು. ಕೆಂಪು ಗಾಡಿ ಅಣ್ಣನ ಪಡಸಾಲೆಯಲ್ಲಿ ಉಳಿಯಿತು. ವೈನಿ ಅದರಲ್ಲಿ ಮಡಚದ ಬಟ್ಟೆ ಒಟ್ಟುತ್ತಾಳೆ. ಆ ಕೆಲಸಕ್ಕೆ ಅದು ಯೋಗ್ಯವಾಗಿದೆ.

ಮುಂದಿನ ಸೂಜಿಯ ದಿನ ಬಂತು. ಬೆಳಿಗ್ಗೆ ಕೂಸಿಗೆ ಎರೆದು, ಹಾಲೂಡಿಸಿ, ಗಾಡಿಯಲ್ಲಿ ಮಲಗಿಸಿ ಬೆಲ್ಟು ಹಾಕಿದೆ. ವೈನಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು, ಬೇಡ ಎಂದೆ. ಅವ್ವ ಅಂಗಳದಲ್ಲಿ ನಿಂತು, "ನಾ ಅರೆ ಬರ್ತೀನಿ. ಕೂಸಿನ ಮುಟ್ಟಂಗಿಲ್ಲ, ಬಾಜೂಕ ಬರ್ತೀನಿ ಅಷ್ಟ," ಎಂದಳು.

"ಬ್ಯಾಡ ಬೇ."

"ಓಣ್ಯಾಗ ಎಮ್ಮಿ ಬರ್ತಾವು."

"ಬರ್ಲಿ."

ಹೊರಟೆ. ಓಣಿಯ ಹಾಸುಗಲ್ಲಿನ ಮೇಲೆ ಗಾಡಿ ದಡದಡ ಸದ್ದು ಮಾಡುತ್ತ, ಆದರೆ ತಪ್ಪದೆ ನಡೆಯಿತು. ಕಟ್ಟೆಗಳ ಮೇಲೆ ಕೂತವರು ಮಾತು ನಿಲ್ಲಿಸಿದರು. ಪೇಪರ್ ಹಿಡಿದ ಒಬ್ಬರು ಅದನ್ನು ಕೆಳಗಿಳಿಸಿ, ಗಾಡಿಯನ್ನು ನೋಡಿ, ನನ್ನ ಕಾಲನ್ನು ನೋಡಿ, "ಚಲೋ ಆತು ಬಿಡವಾ, ನಿನಗ ಹಿಡಕೊಂಡು ಅಡ್ಯಾಡಾಕ ಒಂದು ಆಧಾರ ಆತು," ಎಂದರು. ಒಳಗೆ ಕೂಸು ಇದೆಯೆಂದು ಅವರಿಗೆ ಕಾಣಲೇ ಇಲ್ಲ. ಸಾಲೆಯಲ್ಲಿ ನನಗೆ ಪಾಠ ಹೇಳಿದವರು ಅವರು. ನಮಸ್ಕಾರ್ರಿ ಸರ್ ಎಂದು ಮುಂದೆ ತಳ್ಳಿದೆ.

ಓಣಿ ಮುಗಿದು ದಾರಿ ಇಳಿಜಾರಾಗುವ ಕಡೆ ಮಗಳು ಎದ್ದು ಚೀರತೊಡಗಿದಳು. ಚೀರಿ ಚೀರಿ ಮುಖ ಕೆಂಪಾಯಿತು. ನಾನು ಬ್ರೇಕು ಒತ್ತಿ ಸರಿಸಿದೆ, ಗಾಡಿ ಇಳಿಜಾರಿನಲ್ಲಿ ಕಚ್ಚಿಕೊಂಡು ನಿಂತಿತು. ಪಕ್ಕದಲ್ಲಿ ಒಂದು ಗುಡಿಯ ಕಟ್ಟೆಯಿತ್ತು. ಒಂದು ಕೈ ಗಾಡಿಗೆ, ಒಂದು ಕೈ ಕಟ್ಟೆಗೆ ಊರಿ ನಿಧಾನ ಕೂತೆ. ಬೆಲ್ಟು ಬಿಚ್ಚಲು ಕೈ ಹಾಕಿದ್ದೆ, ಅಷ್ಟರಲ್ಲಿ ಎದುರುಮನೆಯ ಹೆಂಗಸೊಬ್ಬಳು ನೀರಿನ ಕೊಡ ಇಳಿಸಿ ಓಡಿ ಬಂದಳು. ಎರಡೂ ಕೈ ಗಾಡಿಯೊಳಗೆ ಚಾಚಿ, "ಬಿಡು ಬಿಡು, ನಿನಗ ಆಗಂಗಿಲ್ಲ. ನಾ ಎತಗೋತೀನಿ," ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ದನಿ ಬಂತು.

"ಕೈ ತಗಿಯವಾ. ಆಕಿ ಕೂಸು, ಆಕಿನ ಎತಗೋತಾಳ."

ಅವ್ವ. ಬೇಡವೆಂದರೂ ಓಣಿಯುದ್ದಕ್ಕೂ ಹಿಂದೆ ಬಂದಿದ್ದಾಳೆ. ಬೇಕಾದಷ್ಟು ದೂರದಲ್ಲಿ ನಿಂತಿದ್ದಳು, ಹತ್ತಿರ ಬರಲಿಲ್ಲ. ಅವಳ ಎರಡೂ ಕೈ ಸೆರಗಿನೊಳಗೆ ಬಿಗಿಯಾಗಿ ಸುತ್ತಿಕೊಂಡಿದ್ದವು. ಆ ಹೆಂಗಸು ಹಿಂದೆ ಸರಿದಳು. ನಾನು ಬೆಲ್ಟು ಬಿಚ್ಚಿ, ಕುತ್ತಿಗೆಯ ಕೆಳಗೆ ಒಂದು ಕೈ, ಬೆನ್ನಿನ ಕೆಳಗೆ ಒಂದು ಕೈ ಕೊಟ್ಟು ಮಗಳನ್ನು ಎತ್ತಿ ಎದೆಗೆ ಹಚ್ಚಿಕೊಂಡೆ. ಅಳು ನಿಂತಿತು.

ತಲೆಯೆತ್ತಿ ನೋಡುವಷ್ಟರಲ್ಲಿ ಅವ್ವ ಮನೆಯ ಕಡೆ ತಿರುಗಿ ನಡೆಯುತ್ತಿದ್ದಳು. ಅವಳು ನನಗೆ ಬೆನ್ನು ಮಾಡಿ ಹೋಗುವುದನ್ನು ನಾನು ಅಷ್ಟು ಹೊತ್ತು ಎಂದೂ ನೋಡಿರಲಿಲ್ಲ. ಚಿಕ್ಕಂದಿನಲ್ಲಿ ಸದಾ ಅವಳ ಟೊಂಕದ ಮೇಲಿದ್ದವಳು ಹೇಗೆ ನೋಡಬೇಕು. ಅವಳ ಎಡಗಡೆಯ ಟೊಂಕ ಎತ್ತರವಾಗಿತ್ತು, ಭುಜ ಆ ಕಡೆಗೇ ವಾಲಿತ್ತು. ಅಲ್ಲಿ ಏನೂ ಇಲ್ಲದಿದ್ದರೂ ಯಾರನ್ನೋ ಹೊತ್ತುಕೊಂಡವಳ ಹಾಗೆಯೇ, ಒಂದು ಹೆಜ್ಜೆ ಭಾರ ಒಂದು ಹೆಜ್ಜೆ ಹಗುರ, ಅವಳು ಹಾಸುಗಲ್ಲಿನ ಮೇಲೆ ಹೋಗುತ್ತಿದ್ದಳು. ಕರೆಯಬೇಕೆನಿಸಿತು. ಕರೆಯಲಿಲ್ಲ. ಕರೆದಿದ್ದರೆ ಓಡಿ ಬಂದು ಕೂಸನ್ನು ಎತ್ತಿಕೊಂಡುಬಿಡುತ್ತಿದ್ದಳು.